ಬೊಂಡದ ಪುಡ್ಡಿಂಗ್ ಗಂಟಾಗುವುದು ಚೈನಾ ಗ್ರಾಸ್‌ನ ತಪ್ಪಲ್ಲ

ಮಾರ್ಚ್ ಬಂದು ಸೆಕೆ ಶುರುವಾದರೆ ಸಾಕು, ನನಗೆ ಬರುವ ಪ್ರಶ್ನೆಗಳೆಲ್ಲ ತಣ್ಣಗಿನ ಹಣ್ಣಿನ ಸಿಹಿಯ ಸುತ್ತಲೇ ಇರುತ್ತವೆ. ಪ್ರತಿ ವರ್ಷ ಅವೇ ಪ್ರಶ್ನೆಗಳು. ಜೊತೆಗೆ ಯಾವುದೋ ವಿಡಿಯೊ ನೋಡಿ ಕಲಿತ ಅವೇ ತಪ್ಪುಗಳು. ಕಾಲೇಜಿನಲ್ಲಿ ಆಹಾರ ವಿಜ್ಞಾನ ಕಲಿಸುವವಳಾಗಿ ಇದನ್ನು ನೋಡಿ ಸುಮ್ನೆ ಇರಲಾರೆ. ಚೈನಾ ಗ್ರಾಸ್ ನೆನೆಸುವುದು, ಹಣ್ಣು ತೊಳೆಯುವುದು ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ.

ಪ್ರಶ್ನೆ: ಬೊಂಡದ (ಎಳನೀರಿನ) ಪುಡ್ಡಿಂಗ್ ಮಾಡಿದಾಗಲೆಲ್ಲ ಎಳೆ ಎಳೆಯಾಗಿ ಗಂಟು ಕಟ್ಟುತ್ತದೆ. ಇಲ್ಲದಿದ್ದರೆ ಮರುದಿನ ನೀರು ಬಿಡುತ್ತದೆ. ಚೈನಾ ಗ್ರಾಸ್ ಬಿಟ್ಟು ಜೆಲಾಟಿನ್ ಹಾಕಬಹುದೇ? (ಕುಂದಾಪುರದ ಓದುಗರು)

ಬೇಡ. ನಮ್ಮ ಊರಿನ ಸೆಕೆಗೆ ಚೈನಾ ಗ್ರಾಸೇ ಸರಿ. ಜೆಲಾಟಿನ್ 30–35 ಡಿಗ್ರಿಯಲ್ಲಿ ಕರಗಿಹೋಗುತ್ತದೆ. ಏಪ್ರಿಲ್‌ನಲ್ಲಿ ಮಂಗಳೂರಿನ ಮಧ್ಯಾಹ್ನವೂ ಅಷ್ಟೇ ಬಿಸಿ, ಅಲ್ವಾ? ಫ್ರಿಜ್‌ನಿಂದ ತೆಗೆದು ನಾಲ್ಕು ಜನರಿಗೆ ಬಡಿಸುವಷ್ಟರಲ್ಲಿ ಬಟ್ಟಲಲ್ಲಿ ಪಾಯಸ. ಚೈನಾ ಗ್ರಾಸ್ ಎಂದರೆ ಕೆಂಪು ಜಾತಿಯ ಕಡಲಪಾಚಿಯಿಂದ ತೆಗೆದ ಅಗರ್. ಅದು 35–40 ಡಿಗ್ರಿಗೆ ಇಳಿದಾಗಲೇ ಗಟ್ಟಿಯಾಗುತ್ತದೆ, ಮತ್ತೆ ಕರಗಬೇಕಾದರೆ 85 ಡಿಗ್ರಿ ದಾಟಬೇಕು. ಈ ಗುಣದಿಂದಲೇ ಅದು ಲ್ಯಾಬಿಗೂ ಹೋಯಿತು. 1881ರ ಸುಮಾರಿಗೆ ಜರ್ಮನಿಯಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಬ್ಯಾಕ್ಟೀರಿಯಾ ಬೆಳೆಸಲು ಇಟ್ಟ ಜೆಲಾಟಿನ್ ಬೇಸಿಗೆಯಲ್ಲಿ ಕರಗುತ್ತಿತ್ತು. ಅವರ ಹೆಂಡತಿ ಫ್ಯಾನಿ ಹೆಸ್ಸೆ ಮನೆಯಲ್ಲಿ ಹಣ್ಣಿನ ಜೆಲ್ಲಿಗೆ ಅಗರ್ ಹಾಕುತ್ತಿದ್ದರು. ಅದನ್ನೇ ಹಾಕಿ ನೋಡಿ ಎಂದವರು ಅವರು. ಇವತ್ತಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಅಗರ್ ತಟ್ಟೆಗಳೇ ಇವೆ. ಅಡುಗೆಮನೆಯ ತಿಳಿವಳಿಕೆಗೆ ಇಷ್ಟು ಬೆಲೆ ಇದೆ ಎಂದು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ.

ಇನ್ನು ಗಂಟಿನ ಮಾತು. ನೀವು ಬೊಂಡದ ನೀರನ್ನು ಫ್ರಿಜ್‌ನಿಂದ ತೆಗೆದು ನೇರವಾಗಿ ಸುರಿದಿರುತ್ತೀರಿ. ಬಿಸಿ ಅಗರ್‌ಗೆ ಅಷ್ಟು ತಣ್ಣಗಿನ ನೀರು ತಾಗಿದ ಕ್ಷಣ, ತಾಗಿದ ಜಾಗದಲ್ಲೇ ಅದು ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಕಲಕಿದರೂ ಎಳೆ ಹೋಗುವುದಿಲ್ಲ. ಹಾಲು ಕುದಿದು ಬಿಸಿಯಾಗಿರಬೇಕು. ಬೊಂಡದ ನೀರು ಕೈಗೆ ಬೆಚ್ಚಗೆ ತಾಗುವಷ್ಟಿರಲಿ. ಅದನ್ನು ಕುದಿಸಬೇಡಿ, ಪರಿಮಳ ಹೋಗುತ್ತದೆ. ತಿರುಳು ಕೂಡ ಹೊರಗಿಟ್ಟದ್ದೇ ಆಗಲಿ.

ಅಳತೆ ಹೀಗೆ. 10 ಗ್ರಾಂ ಎಳೆ ಚೈನಾ ಗ್ರಾಸನ್ನು 300 ಮಿಲಿ ನೀರಿನಲ್ಲಿ ಒಂದು ಎಳೆಯೂ ಕಾಣದಂತೆ ಕುದಿಸಿ ಕರಗಿಸಿ. ಅದನ್ನು ಸಕ್ಕರೆ ಹಾಕಿದ 400 ಮಿಲಿ ಬಿಸಿ ಹಾಲಿಗೆ ಸೋಸಿ. ಹಾಲು ಬೇಡದವರು ಕಾಯಿಹಾಲು ಬಳಸಿ, ಆದರೆ ಕುದಿಸದೆ ಬಿಸಿ ಮಾತ್ರ ಮಾಡಿ. ಒಲೆ ಆರಿಸಿದ ಮೇಲೆ 300 ಮಿಲಿ ಬೊಂಡದ ನೀರು, ಕೊನೆಗೆ ತಿರುಳು. ಇದು ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ ಬರುತ್ತದೆ. ಚಮಚಕ್ಕೆ ಮೆತ್ತಗೆ ಬೇಕಾದರೆ ಬೊಂಡದ ನೀರನ್ನು ಇನ್ನೂ 200 ಮಿಲಿ ಹೆಚ್ಚಿಸಿ. ನಾನು ಮನೆಯಲ್ಲಿ ಮಾಡುವುದು ಈ ಮೆತ್ತಗಿನದ್ದನ್ನೇ. ರಬ್ಬರಿನಂಥ ಪುಡ್ಡಿಂಗ್ ಸೆಕೆಗೆ ಹಿತವಲ್ಲ.

ಪುಡಿ ಅಗರ್ ಆದರೆ 5 ಗ್ರಾಂನಿಂದ ಶುರು ಮಾಡಿ. ಒಂದೊಂದು ಕಂಪನಿಯ ಪುಡಿಯ ಬಲ ಒಂದೊಂದು ಥರ. ಹಾಗಾಗಿ ಪಾತ್ರೆಗೆ ಸುರಿಯುವ ಮೊದಲು ಅರ್ಧ ಚಮಚ ತೆಗೆದು ತಣ್ಣಗಿನ ತಟ್ಟೆಯ ಮೇಲೆ ಹಾಕಿ ನೋಡಿ. ಎರಡು ನಿಮಿಷದಲ್ಲಿ ಬೆರಳಿಗೆ ಗಟ್ಟಿ ತಾಗಬೇಕು. ತಾಗದಿದ್ದರೆ ಇನ್ನೊಂದು ಗ್ರಾಂ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಬೇರೆಯಾಗಿ ಕುದಿಸಿ ಸೇರಿಸಿ. ರಾತ್ರಿ ಫ್ರಿಜ್‌ನಲ್ಲಿ ಇಟ್ಟದ್ದು ಬೆಳಿಗ್ಗೆ ಗಟ್ಟಿಯಾಗಿಲ್ಲವೆಂದು ದಯವಿಟ್ಟು ಚೆಲ್ಲಬೇಡಿ. ಅಗರ್ ಅನ್ನು ಮತ್ತೆ ಬಿಸಿ ಮಾಡಿ ಕರಗಿಸಿ ಸರಿಪಡಿಸಬಹುದು.

ನೀರು ಬಿಡುವುದಕ್ಕೆ ಕಾರಣ ಫ್ರೀಜರ್. "ಬೇಗ ಗಟ್ಟಿಯಾಗಲು ಹತ್ತು ನಿಮಿಷ ಫ್ರೀಜರ್‌ನಲ್ಲಿಡಿ" ಎಂದು ಕಲಿಸುವವರಿಗೆ ಚೈನಾ ಗ್ರಾಸ್ ಹೇಗೆ ತಯಾರಾಗುತ್ತದೆ ಎಂದೇ ಗೊತ್ತಿಲ್ಲ. ಕಡಲಪಾಚಿಯ ಗಂಜಿಯನ್ನು ಹೆಪ್ಪುಗಟ್ಟಿಸಿ ಕರಗಿಸಿದರೆ ನೀರು ಹರಿದು ಹೋಗುತ್ತದೆ. ಉಳಿದದ್ದನ್ನು ಒಣಗಿಸಿದರೆ ಅದೇ ನೀವು ಅಂಗಡಿಯಿಂದ ತರುವ ಎಳೆ. ಹತ್ತು ನಿಮಿಷ ಎಂದು ಇಟ್ಟದ್ದು ಮರೆತು ಒಂದು ಗಂಟೆಯಾದರೆ ನಿಮ್ಮ ಪುಡ್ಡಿಂಗಿಗೂ ಅದೇ ಗತಿ. ಗಟ್ಟಿಯಾಗಲು ಫ್ರಿಜ್ ಕೂಡ ಬೇಕಿಲ್ಲ, ಮೇಜಿನ ಮೇಲೇ ಆಗುತ್ತದೆ. ಬೇಸಿಗೆ ಮಳೆಗೆ ಕರೆಂಟ್ ಹೋದರೂ ಹೆದರಬೇಡಿ. ಗಟ್ಟಿಯಾದ ಮೇಲೆ ತಂಪಿಗಾಗಿ ಫ್ರಿಜ್‌ನ ಕೆಳಗಿನ ಭಾಗದಲ್ಲಿಡಿ. ಹಾಲು ಹಾಕಿದ್ದನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗಿಡುವುದು ನನಗೆ ಒಪ್ಪಿಗೆಯಿಲ್ಲ. ಬಡಿಸುವಾಗ ಮಾತ್ರ ಕತ್ತರಿಸಿ, ಎರಡು ದಿನದೊಳಗೆ ಮುಗಿಸಿ. ಅಷ್ಟರಲ್ಲಿ ಬಿಡುವ ಒಂದೆರಡು ಚಮಚ ನೀರು ಸಹಜ.

ಪುನರ್ಪುಳಿ (ಕೋಕಂ) ಜೆಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ಹುಳಿಯ ಜೊತೆ ಕುದಿಸಿದರೆ ಅಗರ್ ಬಲ ಕಳೆದುಕೊಳ್ಳುತ್ತದೆ. ಬರೀ ನೀರಿನಲ್ಲಿ ಕುದಿಸಿ, ಒಲೆಯಿಂದ ಇಳಿಸಿ, ಆಮೇಲೆ ಪುನರ್ಪುಳಿ ರಸ ಸೇರಿಸಿ. ಅಗರ್ ಸ್ವಲ್ಪ ಜಾಸ್ತಿಯೇ ಇರಲಿ. ಲಿಂಬೆಗೂ ಇದೇ ಮಾತು.

ಪ್ರಶ್ನೆ: ಅನಾನಸು ಹಾಕಿದ ಜೆಲ್ಲಿ ಗಟ್ಟಿಯಾಗುವುದೇ ಇಲ್ಲ, ಯಾಕೆ?

ನೀವು ಹಾಕಿದ್ದು ಜೆಲಾಟಿನ್. ಹಸಿ ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ, ಜೆಲಾಟಿನ್ ಪ್ರೋಟೀನೇ. ಅಗರ್ ಪ್ರೋಟೀನ್ ಅಲ್ಲ, ಅದಕ್ಕೇನೂ ಆಗುವುದಿಲ್ಲ. ಹಾಲಿನ ಪುಡ್ಡಿಂಗಿಗಾದರೆ ಅನಾನಸನ್ನು ಸಕ್ಕರೆಯಲ್ಲಿ ಐದು ನಿಮಿಷ ಬೇಯಿಸಿ ಆರಿಸಿ ಹಾಕಿ, ಇಲ್ಲದಿದ್ದರೆ ಕಹಿಯಾಗುತ್ತದೆ. ಪಪ್ಪಾಯಿ ಮಿಲ್ಕ್‌ಶೇಕ್ ಇಟ್ಟರೆ ಕಹಿಯಾಗುವುದೂ ಹೀಗೇ. ಜೆಲಾಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ಬರುವುದು. ಸಸ್ಯಾಹಾರಿಗಳು ಜೆಲ್ಲಿ ಪ್ಯಾಕೆಟ್‌ನ ಹಿಂಬದಿ ಓದಿ. ಅಲ್ಲಿನ INS ಸಂಖ್ಯೆ 406 ಎಂದರೆ ಅಗರ್, 407 ಎಂದರೆ ಕ್ಯಾರಗೀನನ್, ಎರಡೂ ಕಡಲಪಾಚಿಯವು.

ಪ್ರಶ್ನೆ: ಮೀನೂಟ ಮಾಡಿ ಹಾಲಿನ ಪುಡ್ಡಿಂಗ್ ತಿಂದರೆ ತೊನ್ನು ಬರುತ್ತದಾ?

ಇಲ್ಲ. ಈ ಭಯ ಹುಟ್ಟಿಸಿ ಎಣ್ಣೆ, ಲೇಹ್ಯ ಮಾರುವವರ ಹತ್ತಿರ ಹೋಗಬೇಡಿ. ಬಿಳಿ ಕಲೆ ಕಂಡರೆ ಚರ್ಮದ ವೈದ್ಯರನ್ನು ನೋಡಿ.

ಪ್ರಶ್ನೆ: ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಅಥವಾ ಜೇನು ಹಾಕಿ ಮಾಡಬಹುದೇ?

ಎರಡೂ ರಕ್ತದ ಸಕ್ಕರೆ ಏರಿಸುತ್ತವೆ. "ಬೆಲ್ಲ ಎಷ್ಟು ತಿಂದರೂ ಏನೂ ಆಗಲ್ಲ, ಮಾತ್ರೆ ಬಿಡಿ" ಎನ್ನುವ ವಿಡಿಯೊ ಗುರುಗಳ ಮೇಲೆ ನನಗೆ ವಿಪರೀತ ಸಿಟ್ಟಿದೆ. ಕಣ್ಣು, ಕಿಡ್ನಿ ಹಾಳಾದ ಮೇಲೆ ಅವರು ಬರುವುದಿಲ್ಲ. ಸಿಹಿಯೇ ಹಾಕದೆ, ಬೊಂಡದ ನೀರಿನ ಸ್ವಂತ ಸಿಹಿಯಲ್ಲೇ ಚಿಕ್ಕ ಬಟ್ಟಲಿನಷ್ಟು ಮಾಡಿಕೊಡಿ. ಅದನ್ನೂ ಆ ಹೊತ್ತಿನ ಊಟದ ಲೆಕ್ಕಕ್ಕೇ ಸೇರಿಸಿ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಬೊಂಡ ಮುಟ್ಟಬಾರದು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಪ್ರಶ್ನೆ: ಮೆಹಂದಿ ಕಾರ್ಯಕ್ರಮಕ್ಕೆ ಇನ್ನೂರು ಬಟ್ಟಲು ಹಣ್ಣಿನ ಸಿಹಿ ಬೇಕು. ತಣ್ಣಗಿಡಲು ಮಲ್ಪೆಯ ಮೀನುಗಾರಿಕಾ ಬಂದರಿನಿಂದ ಐಸ್ ತರಿಸಬಹುದೇ?

ಡಬ್ಬಿಗಳ ಹೊರಗೆ ಸುತ್ತಲು ಧಾರಾಳವಾಗಿ ತರಿಸಿ, ಒಳಗೆ ಒಂದು ಚೂರೂ ಬೀಳಬಾರದು. ಮೀನಿಗಾಗಿ ಮಾಡಿದ ಐಸ್ ತಿನ್ನುವುದಕ್ಕಲ್ಲ. ಹೆಪ್ಪುಗಟ್ಟಿದರೆ ರೋಗಾಣು ಸಾಯುತ್ತದೆ ಎನ್ನುವುದೂ ಸುಳ್ಳು, ಕಾಮಾಲೆಯ ವೈರಸ್ ಐಸ್‌ನಲ್ಲೂ ಬದುಕಿರುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಐಸ್ ಮುಟ್ಟುವವರು ಬೇರೆ, ಬಡಿಸುವವರು ಬೇರೆ ಇರಲಿ.