ಕಾಗುಣಿತ ಬಾಯಿಪಾಠ ಬರುತ್ತದೆ, ಓದುವಾಗ ಬರೆಯುವಾಗ ದೀರ್ಘ ತಪ್ಪುತ್ತದೆ. ಏನು ಮಾಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮಗಳು ಎರಡನೇ ತರಗತಿ, ಇಂಗ್ಲಿಷ್ ಮಾಧ್ಯಮ, ಮನೆಮಾತು ಕನ್ನಡ. ಕ ಕಾ ಕಿ ಕೀ ಪಟಪಟನೆ ಹೇಳುತ್ತಾಳೆ. ಪುಸ್ತಕ ಕೊಟ್ಟರೆ ‘ಬಾಳೆ’ಯನ್ನು ‘ಬಳೆ’ ಎಂದು ಓದುತ್ತಾಳೆ. ಉಕ್ತಲೇಖನದಲ್ಲಿ ನೀರು ‘ನಿರು’ ಆಗುತ್ತದೆ, ದೋಸೆ ‘ದೊಸೆ’ ಆಗುತ್ತದೆ. ದಿನಾ ಒಂದು ಪುಟ ಕಾಗುಣಿತ ಬರೆಸಿದರೂ ಪ್ರಯೋಜನವಾಗಿಲ್ಲ.

ಮೊದಲು ಆ ಪುಟ ಬರೆಸುವುದನ್ನು ನಿಲ್ಲಿಸಿ. ಕಾಗುಣಿತದ ಪಟ್ಟಿಯಲ್ಲಿ 34 ವ್ಯಂಜನ, 13 ಸ್ವರ, ಒಟ್ಟು 442 ಚೌಕಗಳಿವೆ. ಅದರ ಅನುಕ್ರಮ ಎಷ್ಟು ಗಟ್ಟಿಯೆಂದರೆ ‘ಕಿ’ ಆದಮೇಲೆ ‘ಕೀ’ ಬಂದೇ ಬರುತ್ತದೆ, ಚಿಹ್ನೆ ನೋಡುವ ಅಗತ್ಯವೇ ಮಗುವಿಗೆ ಬೀಳುವುದಿಲ್ಲ. ‘ಗೀ’ ಎಂಬ ಒಂದೇ ಅಕ್ಷರವನ್ನು ಚೀಟಿಯಲ್ಲಿ ಬರೆದು ತೋರಿಸಿ ನೋಡಿ. ‘ಗ ಗಾ ಗಿ ಗೀ’ ಎಂದು ಒಳಗೊಳಗೇ ಎಣಿಸಿಕೊಂಡು ಆಮೇಲೆ ಹೇಳಿದರೆ ಅವಳಿಗೆ ಗೊತ್ತಿರುವುದು ಸಾಲು, ಅಕ್ಷರವಲ್ಲ. ಇನ್ನೊಂದು ತೊಂದರೆಯೂ ಇದೆ. ರಾಗವಾಗಿ ಹೇಳುವಾಗ ಕ, ಕಾ ಎರಡಕ್ಕೂ ಒಂದೇ ತಾಳ ಬೀಳುತ್ತದೆ. ಒಂದು ಮಾತ್ರೆಯ ಹ್ರಸ್ವವೂ ಎರಡು ಮಾತ್ರೆಯ ದೀರ್ಘವೂ ಬಾಯಲ್ಲಿ ಸಮವಾಗಿಬಿಡುತ್ತವೆ. ಕಲಿಸಬೇಕಾದ ವ್ಯತ್ಯಾಸವನ್ನೇ ಬಾಯಿಪಾಠ ಅಳಿಸಿಹಾಕುತ್ತದೆ.

ಕಲಿಯಬೇಕಾದದ್ದು 442 ಅಲ್ಲ. ಜೋಡಿಗಳು ಐದೇ: ಅ–ಆ, ಇ–ಈ, ಉ–ಊ, ಎ–ಏ, ಒ–ಓ. ಅವನ್ನು ತೋರಿಸುವ ದೀರ್ಘದ ಚಿಹ್ನೆಗಳು ಮೂರೇ: ‘ಕಾ’ದಲ್ಲಿರುವ ಇಳಿ, ‘ಕೂ’ನಲ್ಲಿರುವ ಕೊಂಬಿನ ಇಳಿ, ‘ಕೀ’, ‘ಕೇ’, ‘ಕೋ’ಗಳ ಬಲಗಡೆಯ ದೀರ್ಘ. ಐ, ಔ ವ್ಯಾಕರಣದಲ್ಲಿ ದೀರ್ಘದ ಪಟ್ಟಿಯಲ್ಲಿದ್ದರೂ ಅವಕ್ಕೆ ಹ್ರಸ್ವದ ಜೋಡಿಯಿಲ್ಲ. ಕೈ, ಮೈ, ಔಷಧ ಎಂದು ಪದಗಳಾಗಿಯೇ ಬರಲಿ, ಈ ಪಾಠಕ್ಕೆ ಎಳೆದು ತರಬೇಡಿ.

ತಪ್ಪು ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಿ

ದೀರ್ಘ ತಪ್ಪುವುದು ಕಿವಿಯಿಂದಲೂ ಆಗಬಹುದು, ಕಣ್ಣಿಂದಲೂ ಆಗಬಹುದು, ಕೈಯಿಂದಲೂ ಆಗಬಹುದು. ಮೂರಕ್ಕೂ ಮದ್ದು ಬೇರೆ. ಹತ್ತು ಪದ ಸಾಕು: ಬಳೆ–ಬಾಳೆ, ಬಿಸಿ–ಬೀಸಿ, ಕುಡಿ–ಕೂಡಿ, ಬೆಳೆ–ಬೇಳೆ, ಒಲೆ–ಓಲೆ. ಮೊದಲ ದಿನ ನಿಮ್ಮ ಬಾಯಿ ಕಾಣದಂತೆ ಹಿಂದೆ ಕುಳಿತು ಪದ ಹೇಳಿ. ಅವಳು ವಸ್ತುವನ್ನೋ ಚಿತ್ರವನ್ನೋ ಮುಟ್ಟಲಿ, ಕ್ರಿಯೆಯಾದರೆ ಮಾಡಿ ತೋರಿಸಲಿ. ಎರಡರಲ್ಲಿ ಒಂದನ್ನು ಊಹಿಸಿದರೂ ಅರ್ಧ ಸರಿ ಬರುವುದರಿಂದ ಪ್ರತಿ ಪದವನ್ನೂ ಅಡ್ಡಾದಿಡ್ಡಿಯಾಗಿ ಎರಡೆರಡು ಸಲ ಕೇಳಿ. 20ರಲ್ಲಿ 17–18 ಸರಿ ಬಂದರೆ ಕಿವಿ ಸರಿಯಿದೆ. ಮರುದಿನ ಅದೇ ಪದಗಳನ್ನು ಕಾರ್ಡಿನಲ್ಲಿ ಓದಿಸಿ. ಮೂರನೇ ದಿನ ಉಕ್ತಲೇಖನ ಕೊಡಿ.

ಮನೆಮಾತು ಕನ್ನಡವಾದ ಮಕ್ಕಳಲ್ಲಿ ಸಾಮಾನ್ಯವಾಗಿ ಕೇಳುವುದು ಸರಿ ಇರುತ್ತದೆ, ಓದು ಅರ್ಧಂಬರ್ಧ, ಬರವಣಿಗೆ ತೀರಾ ಹಿಂದೆ. ಮನೆಯಲ್ಲಿ ಹಿಂದಿ, ಉರ್ದು, ಮರಾಠಿ ಆಡುವ ಮಕ್ಕಳಿಗೆ ಎ–ಏ, ಒ–ಓ ಕಿವಿಯಲ್ಲೇ ಕಷ್ಟ, ಏಕೆಂದರೆ ಆ ಭಾಷೆಗಳಲ್ಲಿ ಎ–ಏ, ಒ–ಓ ನಡುವೆ ಅರ್ಥ ಬದಲಿಸುವ ಹ್ರಸ್ವ–ದೀರ್ಘದ ಭೇದವೇ ಇಲ್ಲ. ಅಂಥವರಿಗೆ ಬರೆಸುವ ಮೊದಲು ಎರಡು ಮೂರು ವಾರ ಕೇಳಿಸುವ ಕೆಲಸವನ್ನೇ ಮಾಡಬೇಕು. ಕನ್ನಡವನ್ನೇ ಆಡುವ ಮಗು ತನಗೆ ಚೆನ್ನಾಗಿ ಗೊತ್ತಿರುವ ಪದಗಳನ್ನೂ ಕೇಳಿ ಬೇರ್ಪಡಿಸದಿದ್ದರೆ, ಅದರಲ್ಲೂ ಪದೇಪದೇ ನೆಗಡಿ, ಕಿವಿನೋವು ಬರುತ್ತಿದ್ದರೆ, ಪಾಠಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಉಕ್ತಲೇಖನ ಕೊಡುವ ರೀತಿಯಲ್ಲೇ ಎಡವಟ್ಟಿರುತ್ತದೆ

ಮಗುವಿಗೆ ಅನುಕೂಲವಾಗಲಿ ಎಂದು ದೊಡ್ಡವರು ನಿಧಾನವಾಗಿ ‘ಬ… ಳೆ…’ ಎಂದು ಎಳೆದು ಹೇಳುತ್ತಾರೆ. ಎಳೆದ ಕೂಡಲೇ ಅದು ‘ಬಾಳೇ’ ಆಯಿತು. ಮಗು ಕೇಳಿದ್ದನ್ನು ನಂಬಿ ದೀರ್ಘ ಹಾಕುತ್ತದೆ, ಬೈಸಿಕೊಳ್ಳುತ್ತದೆ, ಮುಂದೆ ತನ್ನ ಕಿವಿಯನ್ನೇ ನಂಬುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ, ಯಾಕೆಂದರೆ ಇಲ್ಲಿ ಮಗುವಿನ ತಪ್ಪು ಏನೇನೂ ಇಲ್ಲ. ಪದವನ್ನು ಮಾತಾಡುವ ವೇಗದಲ್ಲೇ ಹೇಳಿ, ಒಂದು ವಾಕ್ಯದಲ್ಲಿ ಬಳಸಿ, ಮತ್ತೆ ಪದ ಹೇಳಿ: ‘ಬಳೆ. ಅಮ್ಮನ ಕೈಯಲ್ಲಿ ಬಳೆ ಇದೆ. ಬಳೆ.’ ನಿಧಾನ ಬೇಕಿರುವುದು ಪದಗಳ ನಡುವೆ, ಅಕ್ಷರಗಳ ಒಳಗಲ್ಲ.

ಕಿವಿಯ ಅಭ್ಯಾಸಕ್ಕೆ ಬೆರಳು ಬಳಸಿ. ಹ್ರಸ್ವಕ್ಕೆ ಮೇಜಿನ ಮೇಲೆ ಒಂದು ಕುಟುಕು, ದೀರ್ಘಕ್ಕೆ ಬೆರಳನ್ನು ಒಂದು ಗೇಣು ಎಳೆಯುವುದು. ಬಳೆ: ಕುಟುಕು, ಕುಟುಕು. ಬಾಳೆ: ಎಳೆತ, ಕುಟುಕು. ದಿನಕ್ಕೆ ಐದು ನಿಮಿಷ. ಚಪ್ಪಾಳೆ ಬೇಡ, ಚಪ್ಪಾಳೆಗೆ ಉದ್ದವಿಲ್ಲ, ಅದರಲ್ಲಿ ಎಷ್ಟು ಅಕ್ಷರ ಎಂದಷ್ಟೇ ಗೊತ್ತಾಗುತ್ತದೆ.

ಚಿಹ್ನೆಗಳ ವಿಷಯ

ಒಂದೊಂದು ಜೋಡಿಗೆ ಒಂದು ವಾರ ಕೊಡಿ. ಎರಡು ಜೋಡಿಗಳನ್ನು ಒಂದೇ ವಾರಕ್ಕೆ ತುರುಕಬೇಡಿ. ಮೊದಲು ಇಳಿ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಓದು ಶುರುವಾಗುವುದು ರ, ಗ, ಸ, ದ, ಅ ಎಂಬ ಗುಂಪಿನಿಂದ. ಅದೇ ಗುಂಪು ಇಲ್ಲಿಗೂ ತುಂಬಾ ಅನುಕೂಲ. ಸರ, ದರ, ಅಗಸ, ಅರಸ, ಗರಗಸ ಓದಲು ಬಂದಮೇಲೆ ಇಳಿ ಒಂದನ್ನೇ ಸೇರಿಸಿ: ಸಾರ, ದಾರ, ರಾಗ, ದಾಸ, ಸಾಗರ. ಅಕ್ಷರ ಹಳೆಯದು, ಚಿಹ್ನೆ ಮಾತ್ರ ಹೊಸದು. ಹಾಗಾಗಿ ಮಗುವಿನ ಗಮನ ಪೂರ್ತಿ ಇಳಿಯ ಮೇಲೆ ನಿಲ್ಲುತ್ತದೆ.

ಆಮೇಲೆ ಇ–ಈ. ಗುಡಿಸು ಹಾಕಿದ ಕಿ, ಗಿ, ಸಿ ಸಲೀಸಾದ ಮೇಲೆಯೇ ಬಲಗಡೆಯ ದೀರ್ಘಕ್ಕೆ ಹೋಗಿ. ಈ ದೀರ್ಘದ ಚಿಹ್ನೆಯೇ ಕಿ, ಕೆ, ಕೊ ಮೂರನ್ನೂ ಕೀ, ಕೇ, ಕೋ ಮಾಡುತ್ತದೆ. ಇದನ್ನು ಮಗುವಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಸ್ಪೈರಲ್ ಬೈಂಡಿಂಗ್ ಪುಸ್ತಕದ ಮೇಲಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಮೂರು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಅದರ ಮೇಲೆ ಕೆಂಪು ಮಾರ್ಕರಿನಲ್ಲಿ ದೀರ್ಘ ಬರೆಯಿರಿ. ದಪ್ಪ ರಟ್ಟಿನ ಕಾರ್ಡುಗಳಲ್ಲಿ ಕಪ್ಪಿನಲ್ಲಿ ಕಿ, ಗಿ, ನಿ, ಕೆ, ಬೆ, ಕೊ, ದೊ ಬರೆದಿಡಿ. ಪಟ್ಟಿ ಇಟ್ಟರೆ ‘ನೀ’, ತೆಗೆದರೆ ‘ನಿ’. ಇಡುವುದೂ ತೆಗೆಯುವುದೂ ಅವಳ ಕೈಯಲ್ಲೇ ಇರಲಿ, ಓದುವುದೂ ಅವಳೇ.

ಉ–ಊ ಮೂರನೆಯದು. ಕೊಂಬು, ಕೊಂಬಿನ ಇಳಿ. ಇಲ್ಲಿ ಪ, ವ ಎರಡಕ್ಕೂ ಎಚ್ಚರ: ಪು, ಪೂ, ವು, ವೂಗಳಲ್ಲಿ ಕೊಂಬು ಪಕ್ಕಕ್ಕೆ ಬರದೆ ಕೆಳಕ್ಕೆ ಇಳಿಯುತ್ತದೆ. ಬೇರೆ ಅಕ್ಷರಗಳಿಗೆ ಹಾಕಿದಂತೆ ಪಕ್ಕಕ್ಕೆ ಹಾಕಿದರೆ ‘ವು’ ಹೋಗಿ ‘ಮ’ ಆಗಿಬಿಡುತ್ತದೆ.

ಎ–ಏ ನಾಲ್ಕನೆಯದು. ಪ್ಲಾಸ್ಟಿಕ್ ಪಟ್ಟಿ ಆಗಲೇ ಪರಿಚಯವಾಗಿರುವುದರಿಂದ ಬೇಗ ಬರುತ್ತದೆ.

ಒ–ಓ ಕೊನೆಗೆ, ಮತ್ತು ಇಲ್ಲಿ ತಾಳ್ಮೆಯಿಂದ ನಿಲ್ಲಬೇಕು. ‘ಕೊ’ವನ್ನು ಬಿಡಿಸಿ ನೋಡಿ: ತಲೆಯ ಮೇಲೆ ‘ಕೆ’ಯ ಎತ್ವ, ಬಲಕ್ಕೆ ‘ಕೂ’ನಲ್ಲಿ ಕಂಡ ಅದೇ ಕೊಂಬಿನ ಇಳಿಯ ಆಕಾರ. ಹಿಂದಿನ ವಾರಗಳಲ್ಲಿ ಆ ಆಕಾರ ಕಂಡರೆ ದೀರ್ಘ ಎಂದು ಕಲಿತ ಮಗು ‘ಕೊಡೆ’ಯನ್ನು ‘ಕೋಡೆ’ ಎಂದು ಓದುವುದು ಸಹಜ. ಅದು ಗಮನವಿಟ್ಟು ನೋಡುವ ಮಗುವಿನ ತಪ್ಪು. ಹಾಗೆಯೇ ಬರೆಯುವಾಗ ‘ದೋಸೆ’ ‘ದೊಸೆ’ ಆಗುವುದಕ್ಕೂ ಇದೇ ಕಾರಣ: ‘ದೊ’ದಲ್ಲೇ ಉದ್ದನೆಯ ಬಾಲವಿದೆ, ಇಷ್ಟೆಲ್ಲ ಬರೆದಮೇಲೆ ದೀರ್ಘ ಆಗಿಯೇ ಹೋಯಿತು ಎಂದು ಅವಳ ಕೈ ನಿಲ್ಲುತ್ತದೆ. ನೇರವಾಗಿ ಹೇಳಿಕೊಡಿ: ಎತ್ವವೂ ಬಾಲವೂ ಜೊತೆಗೆ ಬಂದರೆ ಅದು ಇನ್ನೂ ಹ್ರಸ್ವವೇ, ಅದರಾಚೆ ಕೆಂಪು ದೀರ್ಘ ಬಂದರಷ್ಟೇ ಓ. ಕೂ, ಕೊ, ಕೋ ಮೂರನ್ನೂ ಒಂದರ ಕೆಳಗೊಂದು ಬರೆದು ಬೆರಳಿಟ್ಟು ತೋರಿಸಿ.

ಪದದ ಮೊದಲಲ್ಲಿ ಬರುವ ಸ್ವರಾಕ್ಷರಗಳಿಗೆ ಈ ಯಾವ ಸೂತ್ರವೂ ನಡೆಯುವುದಿಲ್ಲ. ಅ–ಆ, ಉ–ಊ, ಎ–ಏ, ಒ–ಓ ನೋಡಲು ಅಕ್ಕತಂಗಿಯರಂತಿವೆ. ಇ–ಈ ನಡುವೆ ಮಾತ್ರ ಹೋಲಿಕೆಯೇ ಇಲ್ಲ. ಈಜು, ಈರುಳ್ಳಿ, ಈಗ, ಈಚಲು ಪದಗಳನ್ನು ಬೇರೆಯಾಗಿಯೇ ಓದಿಸಿ.

ಓದಿಸುವ ಹದಿನೈದು ನಿಮಿಷ

ಬಳೆ, ಬಾಳೆ, ಬೆಳೆ, ಬೇಳೆ. ವ್ಯಂಜನ ಎರಡೇ, ಅರ್ಥ ನಾಲ್ಕು. ಎ–ಏ ವಾರದಲ್ಲಿ ಈ ನಾಲ್ಕು ಕಾರ್ಡುಗಳನ್ನು ಮುಂದಿಟ್ಟು ವಾಕ್ಯಗಳನ್ನು ಓದಿಸಿ. ವಾಕ್ಯ ಆರಿಸುವುದರಲ್ಲಿ ಒಂದು ಗುಟ್ಟಿದೆ. ‘ಅಜ್ಜಿ ಸಾರಿಗೆ ಬೇಳೆ ಹಾಕಿದರು’ ಎಂದರೆ ಮಗು ಸಾರು ಎಂಬ ಪದದಿಂದಲೇ ಊಹಿಸುತ್ತದೆ, ದೀರ್ಘ ನೋಡುವುದಿಲ್ಲ. ‘ಬಳೆ ತಾ’, ‘ಬಾಳೆ ತಾ’, ‘ಬೇಳೆ ಎಲ್ಲಿದೆ?’, ‘ಬೆಳೆ ಎಲ್ಲಿದೆ?’ ಎಂಬಂಥ ವಾಕ್ಯಗಳಲ್ಲಿ ನಾಲ್ಕೂ ಪದ ಹೊಂದುತ್ತವೆ. ಚಿಹ್ನೆ ನೋಡದೆ ಬೇರೆ ದಾರಿಯಿಲ್ಲ. ಓದಿ, ಅದರಂತೆ ವಸ್ತುವನ್ನು ತಂದು ಕೊಡಲಿ. ತಪ್ಪು ವಸ್ತು ಬಂದರೆ ಏನೂ ಹೇಳದೆ ಕಾರ್ಡನ್ನು ಮತ್ತೆ ತೋರಿಸಿ.

ಐದು ನಿಮಿಷ ಬೆರಳಿನ ಆಟ, ಐದು ನಿಮಿಷ ಓದು, ಐದು ನಿಮಿಷ ಬರವಣಿಗೆ. ಬರವಣಿಗೆ ಆರು ಪದಕ್ಕೆ ಮೀರದಿರಲಿ. ತಿದ್ದುವಾಗ ‘ದೀರ್ಘ ಹಾಕು’ ಎನ್ನಬೇಡಿ. ಹಾಗಂದರೆ ಅವಳು ಎಲ್ಲೋ ಒಂದು ಕಡೆ ಹಾಕುತ್ತಾಳೆ, ಅಷ್ಟೇ. ಅವಳು ಬರೆದದ್ದನ್ನು ಇದ್ದ ಹಾಗೆಯೇ ಓದಿ ಹೇಳಿ: ‘ನಾನು ನಿರು ಕುಡಿದೆ.’ ಕೇಳಿದ ಕೂಡಲೇ ಅವಳೇ ತಿದ್ದಿಕೊಳ್ಳುತ್ತಾಳೆ.

ದೀರ್ಘದ ತಪ್ಪಿನಂತೆ ಕಂಡರೂ ಅಲ್ಲದವು

ಮಗು ‘ಹಲು’ ಎಂದು ಬರೆದರೆ ಹಾಲೋ ಹಲ್ಲೋ ಎಂದು ಕೇಳದೆ ತಿದ್ದಬೇಡಿ. ಹಾಲು ಎಂದಾದರೆ ಇಳಿ ಬಿಟ್ಟಿದೆ, ಹಲ್ಲು ಎಂದಾದರೆ ಒತ್ತು ಬಿಟ್ಟಿದೆ. ಕಾಲು–ಕಲ್ಲು ಕೂಡ ಹೀಗೆಯೇ. ಇವೆರಡು ಗೊಂದಲವಾಗಲು ಕಾರಣವಿದೆ: ಒತ್ತಕ್ಷರದ ಹಿಂದಿನ ಅಕ್ಷರ ಛಂದಸ್ಸಿನಲ್ಲಿ ಗುರು, ಅಂದರೆ ಎರಡು ಮಾತ್ರೆಯದು ಆಗುತ್ತದೆ, ದೀರ್ಘವೂ ಗುರುವೇ. ಅಂದರೆ ಹಾಲು, ಹಲ್ಲು ಎರಡಕ್ಕೂ ಮಾತ್ರೆ ಮೂರೇ. ಕಿವಿಗೆ ತೂಕ ಒಂದೇ ಆಗಿ ಕೇಳಿಸುತ್ತದೆ. ಇಲ್ಲಿ ಬೆರಳಿನ ಆಟ ಸಾಕಾಗುವುದಿಲ್ಲ, ನಾಲಿಗೆಯ ಕಡೆ ಗಮನ ಕೊಡಿಸಿ: ಹಾಲಿನಲ್ಲಿ ಬಾಯಿ ತೆರೆದೇ ಇರುತ್ತದೆ, ಹಲ್ಲಿನಲ್ಲಿ ನಾಲಿಗೆ ಮೇಲೆ ಅಂಟಿ ಒಂದು ಕ್ಷಣ ನಿಲ್ಲುತ್ತದೆ.

ಊರುಕಡೆಯ ಮಾತು ಇನ್ನೊಂದು. ‘ಬೇಡ’ವನ್ನು ‘ಬ್ಯಾಡ’, ‘ತೋಟ’ವನ್ನು ‘ತ್ವಾಟ’, ‘ಮನೆ’ಯನ್ನು ‘ಮನಿ’ ಎಂದು ಬರೆದರೆ ಅದು ಮನೆಯಲ್ಲಿ ಆಡುವ ಮಾತು ನೇರವಾಗಿ ಪುಟಕ್ಕೆ ಇಳಿದದ್ದು. ಬ್ಯಾಡ, ತ್ವಾಟಗಳಲ್ಲಿ ದೀರ್ಘ ಸರಿಯಾಗಿಯೇ ಇದೆ ನೋಡಿ! ಅದನ್ನು ಮೆಚ್ಚಿ, ‘ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ’ ಎಂದು ಪಕ್ಕದಲ್ಲಿ ‘ತೋಟ’ ಬರೆದು ತೋರಿಸಿ. ಮನೆಯ ಮಾತನ್ನು ತಪ್ಪು ಎನ್ನುವ ಹಕ್ಕು ಯಾವ ಶಿಕ್ಷಕರಿಗೂ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಐದು ಜೋಡಿ ಮುಗಿದ ಮೇಲೆ

ಆರನೇ ವಾರ ಎಲ್ಲವನ್ನೂ ಬೆರೆಸಿ ಅದೇ ಹತ್ತು ಪದಗಳ ಪರೀಕ್ಷೆಯನ್ನು ಮತ್ತೆ ಮಾಡಿ. ಎಲ್ಲಿ ಇನ್ನೂ ಎಡವುತ್ತಾಳೋ ಆ ಜೋಡಿಗೆ ಮಾತ್ರ ಮತ್ತೊಂದು ವಾರ ಕೊಡಿ. ಬಹುಪಾಲು ಅದು ಒ–ಓ ಆಗಿರುತ್ತದೆ.

ಆಮೇಲೆ ಪದದ ಕೊನೆಯ ದೀರ್ಘಕ್ಕೆ ಹೋಗಿ. ಇದನ್ನು ಮಕ್ಕಳು ತುಂಬಾ ಇಷ್ಟಪಡುತ್ತಾರೆ, ಯಾಕೆಂದರೆ ಒಂದು ಸಣ್ಣ ಚಿಹ್ನೆ ಇಡೀ ವಾಕ್ಯದ ಅರ್ಥ ಬದಲಿಸುತ್ತದೆ. ‘ನಾನು ಬರುತ್ತೇನೆ’ ಎಂದರೆ ಒಂದು, ‘ನಾನೂ ಬರುತ್ತೇನೆ’ ಎಂದರೆ ಬೇರೆಯವರ ಜೊತೆಗೆ. ‘ಅಲ್ಲಿ ಇದೆ’, ‘ಅಲ್ಲೇ ಇದೆ’. ‘ಅವನು ಕೊಟ್ಟ’, ‘ಅವನೇ ಕೊಟ್ಟ’. ‘ಅಲ್ಲೇ’ಯಂಥ ಕಡೆ ಒತ್ತಕ್ಷರಕ್ಕೆ ಎತ್ವ, ದೀರ್ಘ ಎರಡೂ ಕೂಡಿಕೊಳ್ಳುವುದರಿಂದ ಕೆಲವು ಮಕ್ಕಳು ‘ಅಲೇಲ’ ಎಂದು ಓದುತ್ತಾರೆ. ಒತ್ತನ್ನು ಓದಿ ಮುಗಿಸಿದ ಮೇಲೆಯೇ ಸ್ವರ ಎಂದು ಹೇಳಿಕೊಟ್ಟು, ಮೊದಲು ‘ಅಲ್ಲಿ’, ಆಮೇಲೆ ‘ಅಲ್ಲೆ’, ಕೊನೆಗೆ ‘ಅಲ್ಲೇ’ ಎಂದು ಮೂರು ಹಂತದಲ್ಲಿ ಓದಿಸಿ. ಒತ್ತಕ್ಷರ ಇನ್ನೂ ಗಟ್ಟಿಯಾಗಿಲ್ಲವಾದರೆ ಸದ್ಯಕ್ಕೆ ನಾನು–ನಾನೂ, ಅವಳು–ಅವಳೂ ಸಾಕು.