ಸಮುದ್ರ ಸೇರುವ ನೀರು ಪೋಲಲ್ಲ

ಈ ಸಲವೂ ಒಂದೇ ಪ್ರಶ್ನೆ ನಾಲ್ಕೈದು ಊರಿಂದ ಬಂದಿದೆ. ಮೊದಲು ಅದನ್ನೇ ಹಿಡಿಯುತ್ತೇನೆ.

ಪ್ರಶ್ನೆ: ಅಘನಾಶಿನಿ, ಬೇಡ್ತಿ ನೀರು ಸುಮ್ನೆ ಸಮುದ್ರ ಸೇರುತ್ತದೆ. ಮಳೆಗಾಲದ ಹೆಚ್ಚುವರಿ ನೀರನ್ನಾದರೂ ಬಯಲುಸೀಮೆಗೆ ತಿರುಗಿಸಿದರೆ ಮೀನಿಗೇನು ನಷ್ಟ? (ಶಿರಸಿ)

ಉತ್ತರ: ಆ ‘ಸುಮ್ನೆ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಶಿರಸಿಯಲ್ಲಿ ಹುಟ್ಟುವ ನಿಮ್ಮ ಅಘನಾಶಿನಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದಲ್ವಾ? ನೀರು ಇಳಿದಾಗ ಒಮ್ಮೆ ಅಲ್ಲಿಗೆ ಹೋಗಿ. ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವ ಹೆಂಗಸರನ್ನು ನೋಡಿ. ಸಿಗಡಿ, ಏಡಿ, ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪು, ಎಲ್ಲಕ್ಕೂ ಆಧಾರ ನದಿ ಸಮುದ್ರ ಸೇರುವ ಈ ಅಳಿವೆಯೇ. ದೊಡ್ಡ ಅಣೆಕಟ್ಟು ಕಾಣದ ಈ ನದಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆಯೂ (ಜಾಗತಿಕ ಮಹತ್ವದ ಜೌಗುಭೂಮಿ ಎಂಬ ಮಾನ್ಯತೆ) ಸಿಕ್ಕಿದೆ.

ಮಳೆಗಾಲದಲ್ಲಿ ಅಳಿವೆ ಸಿಹಿ, ಬೇಸಿಗೆಯಲ್ಲಿ ಉಪ್ಪು. ಬಳಚಿನ ಬದುಕು ಈ ಏರಿಳಿತಕ್ಕೆ ಹೊಂದಿಕೊಂಡಿದೆ. ಸಿಹಿನೀರು ಬಂದಾಗ ಚಿಪ್ಪು ಮುಚ್ಚಿಕೊಂಡು ಕೆಲವು ದಿನ ತಾಳುತ್ತದೆ, ವರ್ಷಪೂರ್ತಿ ತಾಳುವುದಿಲ್ಲ. ಪಕ್ಕದ ಶರಾವತಿಯನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಕರೆಂಟಿಗಾಗಿ ಬಿಡುವ ನೀರು ಬೇಸಿಗೆಯಲ್ಲೂ ಹೊನ್ನಾವರದ ಕಡೆ ಹರಿಯುತ್ತದೆ. ಹಾಗಾಗಿ ಉಪ್ಪುನೀರು ಮೊದಲಿನಷ್ಟು ಒಳಗೆ ಬರುವುದಿಲ್ಲ, ಉಪ್ಪು ಬೇಡುವ ಬಳಚಿಗೆ ಅಲ್ಲಿ ಜಾಗ ಉಳಿದಿಲ್ಲ. ಗಮನಿಸಿ, ಅಲ್ಲಿ ನೀರು ಕಡಿಮೆಯಾಗಿದ್ದಲ್ಲ. ಹೊತ್ತು ತಪ್ಪಿದ್ದು.

ಇನ್ನು ‘ಹೆಚ್ಚುವರಿ’ ಅಂದಿರಲ್ಲ, ಆ ಕೆಂಪು ನೀರೇ ಹೊಲಕ್ಕೂ ಹಳ್ಳಕ್ಕೂ ಹತ್ತುಮೀನನ್ನು (ಮಳೆಗಾಲದಲ್ಲಿ ಹೊಳೆಯಿಂದ ಮೇಲೇರುವ ಮೀನನ್ನು) ಮೊಟ್ಟೆಯಿಡಲು ಕರೆಯುವುದು. ಅಳಿವೆಯ ಬಾಯಲ್ಲಿ ಕಟ್ಟಿದ ಮರಳನ್ನು ಕೊಚ್ಚುವುದೂ ಅದೇ. ಗದ್ದೆಗೆ ಗೋಡು (ಫಲವತ್ತಾದ ಮೆಕ್ಕಲು ಮಣ್ಣು), ಸಮುದ್ರದ ಮೀನಿಗೆ ಆಹಾರ, ಎರಡೂ ಅದರ ಜೊತೆಗೇ ಬರುತ್ತವೆ. ಹಾವುಮೀನು ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. ಹೊಳೆಯ ದೊಡ್ಡ ಸಿಗಡಿಯ ಮರಿಗೆ ಉಪ್ಪು ಬೆರೆತ ನೀರೇ ಬೇಕು. ನಡುವೆ ಗೋಡೆ ಎದ್ದರೆ ಇವೆರಡಕ್ಕೂ ದಾರಿ ಇಲ್ಲ. ಮೇಲಿನ ನೀರು ತೆಗೆದರೆ ಬೇಸಿಗೆಯಲ್ಲಿ ಉಪ್ಪು ಇನ್ನೂ ಮೇಲೆ ಏರುತ್ತದೆ, ಅಳಿವೆ ಬದಿಯವರ ಬಾವಿ ಕೆಡುತ್ತದೆ. ಬಯಲುಸೀಮೆಗೆ ನೀರು ಬೇಡ ಅನ್ನುತ್ತಿಲ್ಲ. ಮೊದಲು ಅಲ್ಲಿನ ಕೆರೆಗಳ ಹೂಳು ತೆಗೆಯಲಿ.

ಪ್ರಶ್ನೆ: ಕಾಳಿ ನದಿಯ ಸೂಪಾದಂಥ ಅಣೆಕಟ್ಟಿಗೆ ಮೀನಿನ ಏಣಿ (ಮೀನು ಮೇಲೇರಲು ಮೆಟ್ಟಿಲಂಥ ನೀರಿನ ದಾರಿ) ಕಟ್ಟಿದರೆ ಸಾಲದೇ? (ದಾಂಡೇಲಿ)

ಉತ್ತರ: 101 ಮೀಟರ್ ಎತ್ತರ! ನಮ್ಮ ಮೀನುಗಳು ಅಷ್ಟು ಹತ್ತುವುದಿಲ್ಲ.

ಪ್ರಶ್ನೆ: ಜಲಾಶಯಕ್ಕೆ ಕಾಟ್ಲಾ, ರೋಹು ಮರಿ ಬಿಟ್ಟಿದ್ದಾರೆ. ನಷ್ಟ ತುಂಬಿತಲ್ವಾ? (ಜೋಯಿಡಾ)

ಉತ್ತರ: ಇಲ್ಲ. ಅವು ಕಾಳಿಯ ಮೀನೇ ಅಲ್ಲ.

ಪ್ರಶ್ನೆ: ಸಿಗಡಿ ಹೊಂಡದ ಪ್ರೋಬಯಾಟಿಕ್ (ಉಪಕಾರಿ ಸೂಕ್ಷ್ಮಜೀವಿಗಳ) ಪುಡಿ ಹೊಳೆಗೆ ಹಾಕಿದರೆ ಬಳಚು ವಾಪಸ್ ಬರುತ್ತದೆ ಅಂತ ಒಬ್ಬರು ಮಾರುತ್ತಿದ್ದಾರೆ. ತೆಗೆದುಕೊಳ್ಳಲೇ? (ಹೊನ್ನಾವರ)

ಉತ್ತರ: ಬೇಡ, ಹರಿಯುವ ನೀರಿಗೆ ಪುಡಿ ಹಾಕಿ ದುಡ್ಡು ಕಳೆದುಕೊಳ್ಳಬೇಡಿ. ಕೆಟ್ಟಿದ್ದು ಉಪ್ಪಿನ ಲೆಕ್ಕ, ಅದನ್ನು ಯಾವ ಪುಡಿಯೂ ಸರಿಮಾಡುವುದಿಲ್ಲ. ಮಾರುವವರನ್ನು ಊರೊಳಗೆ ಬಿಡಬೇಡಿ.

ಪ್ರಶ್ನೆ: ಕದ್ರಾ ಅಣೆಕಟ್ಟಿನ ಕೆಳಗೆ ಮಳೆಗಾಲದಲ್ಲಿ ಗಾಳ ಹಾಕಬಹುದೇ? (ಕಾರವಾರ)

ಉತ್ತರ: ನಾನಂತೂ ಹಾಕುವುದಿಲ್ಲ. 2019ರಲ್ಲಿ ಗೇಟು ತೆರೆದಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದು ನಿಮಗೂ ನೆನಪಿರಬೇಕು. ಸೈರನ್ ಕೇಳಿದರೆ ಗಾಳ, ಬುಟ್ಟಿ ಎಲ್ಲ ಅಲ್ಲೇ ಬಿಟ್ಟು ದಡ ಹತ್ತಿ.