ಸಂಪಾದಕರ ಉತ್ತರ: ಗ್ರೇಸ್ ಮಾರ್ಕ್ಸ್ ಕೊಟ್ಟಿಲ್ಲ, ಮೇಷ್ಟ್ರೇ

ಹೋದ ಸಂಚಿಕೆಯಲ್ಲಿ ಕುಷ್ಠರೋಗ ಇದ್ದ ಕವಿಗಳ ಬಗ್ಗೆ ಒಂದು ಲೇಖನ ಹಾಕಿದ್ದೆವು. ಜಪಾನಿನ ಅಕಾಶಿ ಕೈಜಿನ್, ಕೊರಿಯಾದ ಹಾನ್ ಹಾ-ಉನ್ ಅವರ ಕೆಲವು ಪದ್ಯಗಳ ಸಾರವೂ ಅದರಲ್ಲಿತ್ತು. ಸಾಗರದ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಅದನ್ನು ಓದಿ ಉದ್ದದ ಪತ್ರ ಬರೆದಿದ್ದಾರೆ. ಅವರ ಪ್ರಶ್ನೆಗಳು ಮೂರು. 'ಆ ರೋಗ ಇಲ್ಲದಿದ್ದರೆ ಈ ಪದ್ಯಗಳನ್ನು ನೀವು ಹಾಕುತ್ತಿದ್ದಿರಾ? ಇದು ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಿದ ಹಾಗಲ್ವಾ?' ಇದು ಮೊದಲನೆಯದು. ಕವಿಪರಿಚಯದಲ್ಲಿ ರೋಗದ ಹೆಸರು ಯಾಕೆ ಬೇಕು ಅನ್ನೋದು ಎರಡನೆಯದು. ನಮ್ಮಲ್ಲಿ ಯಾರೂ ಬರೆದಿಲ್ಲವೇ, ಅಷ್ಟು ದೂರ ಯಾಕೆ ಹೋದಿರಿ ಅನ್ನೋದು ಮೂರನೆಯದು.

ಮೇಷ್ಟ್ರೇ, ನಮಸ್ಕಾರ. ನಿಮ್ಮ ಮೊದಲ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅದಕ್ಕೇ ಉತ್ತರ ಜಾಸ್ತಿ ಉದ್ದ ಆಗುತ್ತೆ. ಉಳಿದೆರಡಕ್ಕೆ ದಾರಿಯಲ್ಲೇ ಬರುತ್ತೇನೆ.

ಕೈಜಿನ್ ಹುಟ್ಟಿದ್ದು 1901ರಲ್ಲಿ. ನಿಮ್ಮ ಹಾಗೇ ಮೇಷ್ಟ್ರ ಕೆಲಸ ಮಾಡಿದವರು. ಹೆಂಡತಿ, ಮಕ್ಕಳು ಇದ್ದರು. ಇಪ್ಪತ್ತೈದರ ಹೊತ್ತಿಗೆ ರೋಗ ಗೊತ್ತಾಯಿತು. 1932ರಲ್ಲಿ ನಾಗಾಶಿಮಾ ದ್ವೀಪದ ಐಸೆಯೆನ್ ಆಸ್ಪತ್ರೆಗೆ ಸೇರಿದರು. ಅಲ್ಲಿಗೆ ಹೋದವರು ವಾಪಸ್ ಬರುವುದು ಅಪರೂಪ. 1936ರಲ್ಲಿ ಕಣ್ಣು ಹೋಯಿತು. 1938ರಲ್ಲಿ ಗಂಟಲು ಕಟ್ಟಿತು, ಉಸಿರಾಟಕ್ಕೆ ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಡಬೇಕಾಯಿತು. 1939ರ ಫೆಬ್ರವರಿಯಲ್ಲಿ ಅವರ 'ಹಕುಬ್ಯೋ' ಸಂಕಲನ ಬಂತು, ಲಕ್ಷಗಟ್ಟಲೆ ಮಾರಾಟವಾಯಿತು. ಅದೇ ಜೂನ್‌ನಲ್ಲಿ ತೀರಿಕೊಂಡರು.

ಆ ಪುಸ್ತಕದ ಮುನ್ನುಡಿಯಲ್ಲಿ ಆಳ ಸಮುದ್ರದ ಮೀನಿನ ಒಂದು ಮಾತಿದೆ. ತಾನೇ ಉರಿಯದಿದ್ದರೆ ಎಲ್ಲೂ ಬೆಳಕಿಲ್ಲ ಅಂತ. ಕೈಜಿನ್ ಬಗ್ಗೆ ಬರೆಯುವವರೆಲ್ಲ ಅದನ್ನೇ ಎತ್ತಿ ಹೇಳುತ್ತಾರೆ. ಒಳ್ಳೆಯ ಮಾತೇ. ನನಗೆ ಮಾತ್ರ ಇನ್ನೊಂದು ಪದ್ಯ ದೊಡ್ಡದು ಅನ್ನಿಸುತ್ತದೆ. ರೈಲು ಕಬ್ಬಿಣದ ಸೇತುವೆ ಮೇಲೆ ಹತ್ತುತ್ತದೆ. ಬೋಗಿಯೊಳಗೆ ಕಿವಿ ಕಿತ್ತುಹೋಗುವ ಸದ್ದು. ಆ ಸದ್ದಿನಲ್ಲಿ ಅವನು ಹೆಂಡತಿ ಮಕ್ಕಳ ಹೆಸರನ್ನು ಯಾವ ಅಳುಕೂ ಇಲ್ಲದೆ ಕೂಗುತ್ತಾನೆ. ಅಷ್ಟೇ ಪದ್ಯ. ತಾಂಕಾ ಅಂದರೆ ಬರೀ 31 ಮಾತ್ರೆಯಷ್ಟರ ಕವಿತೆ, ಅದರಲ್ಲಿ ಇದಕ್ಕಿಂತ ಹೆಚ್ಚು ಜಾಗವೂ ಇಲ್ಲ. ರೋಗದ ಹೆಸರು ಅದರಲ್ಲಿ ಬರುವುದೇ ಇಲ್ಲ. ಮನೆಯವರ ಹೆಸರು ಹೇಳಲಿಕ್ಕೂ ರೈಲಿನ ಸದ್ದು ಬೇಕಾಯಿತಲ್ಲ, ಅದನ್ನೇ ಅವರು ಹೇಳಿದ್ದು. ಈಗ ಹೇಳಿ, ಇದಕ್ಕೆ ಗ್ರೇಸ್ ಮಾರ್ಕ್ಸ್ ಬೇಕಾ?

ಇನ್ನೊಂದು ವಿಷಯ ಇದೆ. 'ಹಕುಬ್ಯೋ'ದಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ರೋಗ ಗೊತ್ತಾದ ದಿನ, ಮನೆ ಬಿಟ್ಟಿದ್ದು, ದ್ವೀಪದ ಬದುಕು. ಎರಡನೇ ಭಾಗ 'ಕಗೆ', ಜಪಾನಿ ಭಾಷೆಯಲ್ಲಿ ನೆರಳು ಅಂತ ಅರ್ಥ. ಅಲ್ಲಿ ಕೈಜಿನ್ ಅವರು ತಮ್ಮ ಕಾಲದ ಹೊಸ ಬಗೆಯ ಕವಿ. ಮಾಯೆಕಾವಾ ಸಾಮಿಯೋ ಅವರ 'ನಿಹೋನ್ ಕಾಜಿನ್' ಪತ್ರಿಕೆಯ ಬಳಗದಲ್ಲಿ ಬರೆಯುತ್ತಿದ್ದವರು. ಕನಸಿನಂಥ ಚಿತ್ರಗಳು, ತರ್ಕಕ್ಕೆ ಸಿಗದ ಜಿಗಿತಗಳು ಅಲ್ಲಿವೆ. ಜನ ಮುಗಿಬಿದ್ದು ಓದಿ ಕಣ್ಣೀರಿಟ್ಟಿದ್ದು ಮೊದಲ ಭಾಗಕ್ಕೆ. ಕವಿ ತನ್ನ ಆಟವನ್ನೆಲ್ಲ ಆಡಿದ್ದು ಎರಡನೆಯದರಲ್ಲಿ. ಓದುಗರು ಅವರನ್ನು ರೋಗಿ ಅಂತಲೇ ಓದಿದರು. ನೀವು ಹೇಳುವ ಕನಿಕರದ ಅಂಕ ಇದೇ ಮೇಷ್ಟ್ರೇ. ಅದರಿಂದ ಕವಿಗೆ ನಷ್ಟವೇ ಆಯಿತು, ಅರ್ಧ ಪುಸ್ತಕ ಮರೆಗೆ ಹೋಯಿತು.

ಕನಿಕರದ ಬಗ್ಗೆ ಇನ್ನೂ ಒಂದು ಮಾತು. ಜಪಾನಿನಲ್ಲಿ 1907ರ ಕಾನೂನು ಬೀದಿಯಲ್ಲಿ ಅಲೆಯುವ ರೋಗಿಗಳನ್ನು ಮಾತ್ರ ಹಿಡಿದು ಇಡುತ್ತಿತ್ತು. 1931ರಲ್ಲಿ ಎಲ್ಲ ರೋಗಿಗಳಿಗೂ ಅದು ಅನ್ವಯವಾಯಿತು. ನಮ್ಮ ಜಿಲ್ಲೆಯಲ್ಲಿ ಒಬ್ಬ ರೋಗಿಯೂ ಉಳಿಯಬಾರದು ಅಂತ ಊರೂರಲ್ಲಿ ಚಳವಳಿ ನಡೆಯಿತು. ಅದೇ ಹೊತ್ತಿಗೆ, 1932ರಲ್ಲಿ, ರಾಜಮಾತೆ ತೇಮೇ ಒಂದು ತಾಂಕಾ ಬರೆದರು. ನಾನು ಹೋಗಲಾರೆ, ನನ್ನ ಬದಲು ನೀವು ಹೋಗಿ ಅವರ ಬೇಸರಕ್ಕೆ ಜೊತೆಯಾಗಿ, ಸಮಾಧಾನ ಹೇಳಿ ಅಂತ ಅದರ ಭಾವ. ಆ ಪದ್ಯವನ್ನು ಕಲ್ಲಿನಲ್ಲಿ ಕೆತ್ತಿ ಆಸ್ಪತ್ರೆ ಆವರಣಗಳಲ್ಲಿ ನಿಲ್ಲಿಸಿದರು. ಒಳಗಿದ್ದವರು ಬರೆದದ್ದು ಹೊರಗೆ ಹೋಗಬೇಕಾದರೆ ಆಸ್ಪತ್ರೆಯವರ ಕಣ್ಣಿಗೆ ಬೀಳಬೇಕಿತ್ತು. ಅಯ್ಯೋ ಪಾಪ ಅಂದವರೇ ಅವರನ್ನು ದ್ವೀಪಕ್ಕೆ ಕಳಿಸಿ ಅಂತಲೂ ಅಂದರು. ಮದುವೆಯಾಗಬೇಕಾದರೆ ಮಕ್ಕಳಾಗದ ಆಪರೇಷನ್ ಮಾಡಿಸಿಕೊಳ್ಳಬೇಕಿತ್ತು. ಹೊರಗಿನ ದುಡ್ಡು ಕೈಯಲ್ಲಿರಬಾರದು ಅಂತ ಎಷ್ಟೋ ಕಡೆ ಒಳಗೆ ಮಾತ್ರ ನಡೆಯುವ ಬೇರೆ ನಾಣ್ಯ ಕೊಡುತ್ತಿದ್ದರು, ಓಡಿಹೋಗದಿರಲಿ ಅಂತ. ಯುದ್ಧ ಮುಗಿದ ಮೇಲೆ ಗುಣ ಮಾಡುವ ಔಷಧಿ ಬಂತು. ಆದರೂ 1953ರ ಹೊಸ ಕಾನೂನು ಬೀಗ ತೆಗೆಯಲಿಲ್ಲ. ಅದು ರದ್ದಾಗಿದ್ದು 1996ರಲ್ಲಿ. 2001ರಲ್ಲಿ ಕುಮಾಮೊತೊ ನ್ಯಾಯಾಲಯ ಈ ಕೂಡಿಹಾಕುವಿಕೆ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು.

ಪತ್ರಿಕೆ ನಡೆಸುವವನಾಗಿ ನನಗೆ ಹೊಟ್ಟೆಕಿಚ್ಚು ಬರುವ ಸಂಗತಿ ಒಂದಿದೆ. ಈ ಆಸ್ಪತ್ರೆಗಳಲ್ಲಿ ಒಂದೊಂದಕ್ಕೂ ತನ್ನದೇ ಪತ್ರಿಕೆ ಇತ್ತು. ನಾಗಾಶಿಮಾದ್ದು 'ಐಸೆ', ಟೋಕಿಯೋ ಹತ್ತಿರದ ಝೆನ್ಶೋಎನ್‌ದು 'ತಾಮಾ', ಒಶಿಮಾ ದ್ವೀಪದ್ದು 'ಸೇಶೋ'. ರೋಗಿಗಳೇ ಬರೆಯುವುದು, ರೋಗಿಗಳೇ ಓದುವುದು, ಜಗಳವೂ ಅವರವರದೇ. ಹೊರಗಿನ ಹೆಸರಾಂತ ಕವಿಗಳು ಪದ್ಯಗಳನ್ನು ಆರಿಸಿ, ತಿದ್ದಿ ಕೊಡುತ್ತಿದ್ದರು. 1953ರಲ್ಲಿ ಕವಿ ಓಎ ಮಿತ್ಸುಓ ಅವರು ಬೇರೆ ಬೇರೆ ಆಸ್ಪತ್ರೆಗಳ ಎಪ್ಪತ್ತಕ್ಕೂ ಹೆಚ್ಚು ಜನರ ಕವಿತೆಗಳನ್ನು ಒಂದೇ ಪುಸ್ತಕದಲ್ಲಿ ಸೇರಿಸಿ ತಂದರು. ತಾಂಕಾ, ಹೈಕು ಅಲ್ಲ, ಬಿಡಿ ಛಂದಸ್ಸಿನ ಹೊಸ ಕವಿತೆ. ಔಷಧಿ ಬಂದಿದೆ, ನಾವು ಸಾಯುವವರಲ್ಲ, ನಮ್ಮ ಹಕ್ಕು ಕೊಡಿ ಅನ್ನುವ ಹೊಸ ತಲೆಮಾರು ಅದು. ಕಾನೂನಿನ ವಿರುದ್ಧ ಅವರು ಬೀದಿಗಿಳಿದ ವರ್ಷವೂ ಅದೇ.

ಅವರು ಓದುತ್ತಿದ್ದ ಬಗೆಯನ್ನೂ ಹೇಳಿಬಿಡುತ್ತೇನೆ. ಈ ರೋಗದ ಬ್ಯಾಕ್ಟೀರಿಯಾ ನರಗಳನ್ನು ಹಿಡಿಯುತ್ತದೆ. ಅದಕ್ಕೆ ದೇಹದ ತಂಪಾದ ಭಾಗಗಳೇ ಇಷ್ಟ. ಕೈ, ಕಾಲು, ಮೂಗು, ಕಣ್ಣಿನ ಮುಂಭಾಗ. ಕಣ್ಣು ಹೋದವರು ಬ್ರೈಲ್ ಕಲಿಯೋಣ ಅಂದರೆ ಬೆರಳಿಗೆ ಸ್ಪರ್ಶವೇ ಇಲ್ಲ. ಬಾಯೊಳಗೆ ಬೆಚ್ಚಗಿರುವ ನಾಲಿಗೆಗೆ ಮಾತ್ರ ಇನ್ನೂ ತಿಳಿಯುತ್ತದೆ. ಹಾಗಾಗಿ ಕೆಲವರು ನಾಲಿಗೆಯಿಂದ ಬ್ರೈಲ್ ಓದಲು ಕಲಿತರು. ಕಾಗದ ಒದ್ದೆಯಾಗುತ್ತದೆ, ಚುಕ್ಕಿಗಳು ಕುಸಿಯುತ್ತವೆ, ನಾಲಿಗೆಯಿಂದ ರಕ್ತ ಬರುತ್ತದೆ. ನಾಗಾಶಿಮಾದ ಕೊಂಡೋ ಕೋಇಚಿ ಹೀಗೆ ಓದಿದವರು. ಅವರು ಬ್ರೈಲ್ ಬಗ್ಗೆಯೇ ಒಂದು ಕವಿತೆ ಬರೆದಿದ್ದಾರೆ. ತುಟಿ, ನಾಲಿಗೆಯ ತುದಿಯಲ್ಲಿ ಉಳಿದ ಚೂರು ಸ್ಪರ್ಶವೇ ತನಗಿರುವ ಒಂದೇ ಕಣ್ಣು ಅನ್ನುತ್ತಾರೆ. ಕಣ್ಣು ಕಾಣದ ಗೆಳೆಯರನ್ನು ಕಟ್ಟಿಕೊಂಡು ಹಾರ್ಮೋನಿಕಾ ತಂಡ ಮಾಡಿದ್ದೂ ಇವರೇ. ಸಂಗೀತದ ಸ್ವರಗಳನ್ನೂ ಬ್ರೈಲ್‌ನಲ್ಲಿ ಬರೆಸಿ ನಾಲಿಗೆಯಿಂದಲೇ ಓದಿದರು. ನಾನು ಇದನ್ನು ಹೇಳುತ್ತಿರುವುದು ನಿಮ್ಮ ಕಣ್ಣು ಒದ್ದೆ ಮಾಡಲಿಕ್ಕಲ್ಲ. ಸಣ್ಣ ಕವಿತೆಗಳೇ ಅಲ್ಲಿ ಯಾಕೆ ಅಷ್ಟು ಬೆಳೆದವು ಅನ್ನುವುದಕ್ಕೆ ಇದು ಒಂದು ಕಾರಣ. 31 ಮಾತ್ರೆಯನ್ನು ತಲೆಯಲ್ಲೇ ಕಟ್ಟಿ, ತಲೆಯಲ್ಲೇ ತಿದ್ದಿ, ಬರೆದುಕೊಳ್ಳುವವರು ಸಿಕ್ಕಾಗ ಹೇಳಬಹುದು. ಕೈಜಿನ್ ಕೊನೆಕೊನೆಗೆ ಹಾಗೇ ಬರೆಸಿದ್ದು.

ಇನ್ನು ಕವಿಪರಿಚಯದ ಮಾತು. ನಿಮ್ಮ ಆಕ್ಷೇಪಕ್ಕೆ ಅರ್ಧ ಒಪ್ಪಿಗೆ. ತೋ ಕಝುಕೊ ಅಂತ ಒಬ್ಬ ಕವಿ ಇದ್ದರು. 1943ರಲ್ಲಿ ಹುಡುಗಿಯಾಗಿದ್ದಾಗಲೇ ಒಶಿಮಾ ಆಸ್ಪತ್ರೆಗೆ ಬಂದವರು, 2013ರಲ್ಲಿ ತೀರಿಕೊಂಡರು. 1998ರ ಸಂಕಲನಕ್ಕೆ ಜಪಾನಿನ ದೊಡ್ಡ ಕಾವ್ಯ ಪ್ರಶಸ್ತಿಗಳಲ್ಲಿ ಒಂದಾದ ತಕಾಮಿ ಜುನ್ ಪ್ರಶಸ್ತಿ ಬಂತು. ಅವರ ಬಹಳಷ್ಟು ಕವಿತೆಗಳಲ್ಲಿ ರೋಗದ ಸುದ್ದಿಯೇ ಇಲ್ಲ. ಇರುವುದು, ಪ್ರೀತಿಸುವುದು, ಬೆಳಗಾಗುವುದು ಇಂಥವೇ ಅಲ್ಲಿನ ವಸ್ತು. ಅವರ ಕವಿತೆ ಹಾಕುವಾಗ ರೋಗದ ಹೆಸರು ಬೇಡವೇ ಬೇಡ. ಕೈಜಿನ್‌ಗೆ ಬೇಕು. ರೈಲಿನ ಪದ್ಯದಲ್ಲಿ ಅವನು ಯಾಕೆ ಕೂಗುತ್ತಾನೆ ಅಂತ ಗೊತ್ತಾಗಬೇಕಲ್ಲ.

ಆದರೆ ಮುಚ್ಚಿಡುವುದೇ ಮರ್ಯಾದೆ ಅನ್ನುವುದನ್ನು ನಾನು ಒಪ್ಪಲಾರೆ. ಈ ಬರಹಗಾರರಲ್ಲಿ ಬಹಳ ಜನ ಬರೆದದ್ದು ಸುಳ್ಳು ಹೆಸರಿನಲ್ಲಿ. ಅದು ಕಾವ್ಯನಾಮದ ಶೋಕಿಯಲ್ಲ. ಊರಿನಲ್ಲಿ ತಂಗಿಯ ಮದುವೆ ನಿಲ್ಲಬಾರದು ಅಂತ. ಅಪ್ಪ ಅಮ್ಮ ಆರಿಸಿಟ್ಟ ಹೆಸರು ಬಿಟ್ಟು ಈ ದ್ವೀಪಕ್ಕೆ ಇರಲು ಬಂದೆ ಅಂತ ಕೈಜಿನ್ ಅವರದೇ ಒಂದು ಪದ್ಯ ಇದೆ. ಜಪಾನಿನ ದೊಡ್ಡ ಕಾದಂಬರಿಕಾರ ಕವಾಬಾತಾ ಅವರೇ ಬೆನ್ನು ತಟ್ಟಿ ಬೆಳೆಸಿದ ಕಥೆಗಾರ ಹೋಜೋ ತಾಮಿಯೋ 1937ರಲ್ಲಿ ತೀರಿಕೊಂಡರು. ಅವರ ನಿಜ ಹೆಸರು ಮನೆಯವರ ಒಪ್ಪಿಗೆಯ ಮೇಲೆ ಹೊರಗೆ ಬಂದಿದ್ದು 2014ರಲ್ಲಿ. ಎಪ್ಪತ್ತೇಳು ವರ್ಷ! ಅಲ್ಲಿಯವರೆಗೂ ಊರಿನವರ ಲೆಕ್ಕದಲ್ಲಿ ಆ ಮನೆಯಿಂದ ಅಂಥ ಲೇಖಕನೇ ಹುಟ್ಟಿರಲಿಲ್ಲ.

ಕೊರಿಯಾದ ಹಾನ್ ಹಾ-ಉನ್ ಬೇರೆ ಥರದ ಮನುಷ್ಯ. ಆಸ್ಪತ್ರೆಯ ಪತ್ರಿಕೆಯಲ್ಲ, ರಸ್ತೆ ಅವರನ್ನು ಕವಿ ಮಾಡಿದ್ದು. ಟೋಕಿಯೋ, ಬೀಜಿಂಗ್‌ನಲ್ಲಿ ಓದಿದವರು. ಉತ್ತರದಿಂದ ದಕ್ಷಿಣಕ್ಕೆ ಬಂದು ಸೋಲ್‌ನ ಬೀದಿಗಳಲ್ಲಿ ಅಲೆದರು, 1949ರಲ್ಲಿ ಮೊದಲ ಸಂಕಲನ ಬಂತು. ಕುಷ್ಠರೋಗಿಗಳ ಆಸ್ಪತ್ರೆ ಇದ್ದ ಸೊರೊಕ್ ದ್ವೀಪದ ಕಡೆ ಕೆಂಪು ಮಣ್ಣಿನ ದಾರಿಯಲ್ಲಿ ನಡೆಯುವ ಅವರ ಪದ್ಯ ನೆನಪಿದೆಯಲ್ವಾ? ಮರದ ಕೆಳಗೆ ಕೂತು ಪಾದರಕ್ಷೆ ಬಿಚ್ಚಿದರೆ ಕಾಲಿನ ಇನ್ನೊಂದು ಬೆರಳು ಇಲ್ಲ. ಅದನ್ನು ಹವಾಮಾನ ಹೇಳುವಷ್ಟೇ ಸಲೀಸಾಗಿ ಹೇಳಿ ಮುಂದೆ ನಡೆಯುತ್ತಾರೆ. ಇನ್ನೊಂದರಲ್ಲಿ ತನ್ನ ಅಪರಾಧ ಯಾವ ಕಾನೂನಿನ ಯಾವ ಕಲಮಿನಲ್ಲೂ ಇಲ್ಲ, ಹಾಗಾಗಿ ವಾದ ಮಾಡಿ ಬಿಡಿಸಿಕೊಳ್ಳಲೂ ದಾರಿಯಿಲ್ಲ ಅನ್ನುತ್ತಾರೆ. ಒಬ್ಬ ಒಳ್ಳೆಯ ವಕೀಲನ ವ್ಯಂಗ್ಯ ಅದು. ಬಾರ್ಲಿ ದಂಟಿನ ಪೀಪಿ ಊದುವ ಅವರ ಪದ್ಯ ಇವತ್ತು ಸೊರೊಕ್ ದ್ವೀಪದ ಕಲ್ಲಿನ ಮೇಲಿದೆ. ರಾಜಮಾತೆಯ ಪದ್ಯಕ್ಕಿಂತ ಅದಕ್ಕೆ ಆ ಜಾಗ ಹೆಚ್ಚು ಸಲ್ಲುತ್ತದೆ ಅಂತ ನನ್ನ ಅಭಿಪ್ರಾಯ.

ಕೊನೆಗೆ ನಮ್ಮವರು. ನೀವು ಕನ್ನಡ ಮೇಷ್ಟ್ರು, ಸಂಸ್ಕೃತವನ್ನೂ ಓದಿಕೊಂಡವರು. ಮಯೂರ ಕವಿಯ ಕಥೆ ನಿಮಗೆ ಗೊತ್ತೇ ಇರುತ್ತದೆ. ಹರ್ಷನ ಕಾಲದವನು. ಶಾಪದಿಂದ ಕುಷ್ಠ ಬಂತು, 'ಸೂರ್ಯಶತಕ' ಬರೆದ, ವಾಸಿಯಾಯಿತು ಅಂತ ಕಥೆ. ಕೃಷ್ಣನ ಮಗ ಸಾಂಬನದೂ ಹಾಗೇ. ಶಾಪ, ಸೂರ್ಯ, ಗುಣ. ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಶತಕದ ಶುರುವಿನಲ್ಲೇ 'ಶೀರ್ಣಘ್ರಾಣಾಂಘ್ರಿಪಾಣೀನ್' ಅಂತ ಒಂದು ಪದ್ಯ ಇದೆ ನೋಡಿ. ಮೂಗು, ಕಾಲು, ಕೈ ಸವೆದವರು, ಮೈಯೆಲ್ಲ ಹುಣ್ಣಾದವರು, ಗೊಗ್ಗರು ದನಿಯಲ್ಲಿ ಅಸ್ಪಷ್ಟವಾಗಿ ಮಾತಾಡುವವರು. ಆ ದನಿಯ ವಿವರ ಸುಮ್ನೆ ಊಹೆಯಿಂದ ಬರುವಂಥದ್ದಲ್ಲ. ಈ ರೋಗ ಗಂಟಲನ್ನೂ ಹಿಡಿಯುತ್ತದೆ, ಕೈಜಿನ್‌ಗೆ ಆದದ್ದೂ ಅದೇ. ಬರೆದವನು ಅಂಥವರನ್ನು ಹತ್ತಿರದಿಂದ ಕಂಡಿದ್ದಾನೆ, ಇಲ್ಲ ಕಥೆ ಹೇಳುವ ಹಾಗೆ ತಾನೇ ಅನುಭವಿಸಿದ್ದಾನೆ. ನಾವು ಮಾತ್ರ ಪವಾಡವನ್ನು ನೆನಪಿಟ್ಟುಕೊಂಡು ಪದ್ಯವನ್ನು ಬಿಟ್ಟೆವು.

ಗಾಂಧೀಜಿಯವರ ಒಂದು ಫೋಟೋ ನೋಡಿರುತ್ತೀರಿ. ಸೇವಾಗ್ರಾಮದಲ್ಲಿ ಕುಷ್ಠರೋಗಿಯೊಬ್ಬರ ಆರೈಕೆ ಮಾಡುತ್ತಿರುವುದು. ಆ ರೋಗಿ ಪರ್ಚುರೆ ಶಾಸ್ತ್ರಿ, ಸಂಸ್ಕೃತದ ವಿದ್ವಾಂಸರು. ಫೋಟೋದಲ್ಲಿ ನಾವು ನೋಡುವುದು ಗಾಂಧೀಜಿಯ ಕೈಯನ್ನು. ಶಾಸ್ತ್ರಿಗಳು ಏನು ಅಂದರು ಅಂತ ಯಾರೂ ಕೇಳುವುದಿಲ್ಲ.

ಜಪಾನಿನಲ್ಲಿ ಅಷ್ಟು ಬರಹ ಬಂದಿದ್ದಕ್ಕೆ ಕಾರಣ ಕ್ರೂರವಾದದ್ದು. ಓದು ಬರಹ ಬಲ್ಲ ಸಾವಿರಾರು ಜನರನ್ನು ಜೀವನವಿಡೀ ಒಂದೇ ಕಡೆ ಕೂಡಿಹಾಕಿದರು, ಕೈಗೆ ಒಂದು ಪತ್ರಿಕೆ ಕೊಟ್ಟರು. ನಮ್ಮಲ್ಲಿ 1898ರ ಕಾನೂನು ಬಡ, ಭಿಕ್ಷೆ ಬೇಡುವ ರೋಗಿಗಳ ಮೇಲೆ ಕಣ್ಣಿಟ್ಟಿತ್ತು. ಉಳಿದವರು ಊರ ಹೊರಗೆ, ದೇವಸ್ಥಾನದ ಬಾಗಿಲಲ್ಲಿ, ಮನೆಯ ಹಿಂದಿನ ಕೋಣೆಯಲ್ಲಿ ಉಳಿದರು. ಆ ಕಾನೂನು ರದ್ದಾಗಿದ್ದು 2016ರಲ್ಲಿ. ಗಂಡ ಅಥವಾ ಹೆಂಡತಿಗೆ ಕುಷ್ಠ ಇದೆ ಅನ್ನುವುದು ವಿಚ್ಛೇದನಕ್ಕೆ ಕಾರಣವಾಗಿ 2019ರವರೆಗೂ ನಮ್ಮ ಕಾನೂನಿನಲ್ಲಿ ಇತ್ತು. ಆರು ತಿಂಗಳೋ ಒಂದು ವರ್ಷವೋ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ನುಂಗಿದರೆ ವಾಸಿಯಾಗುವ ರೋಗ ಇದು. ವಾಸಿಯಾದವರು ನಮ್ಮ ನಡುವೆಯೇ ಇದ್ದಾರೆ. ಪೋಸ್ಟರಿನಲ್ಲಿ ಅವರ ಮಚ್ಚೆ ಮಾತ್ರ ಕಾಣುತ್ತದೆ.

ಅವರಲ್ಲಿ ಬರೆಯುವವರಿದ್ದರೆ, ಹಾಡು ಕಟ್ಟುವವರಿದ್ದರೆ ನಮಗೆ ಕಳಿಸಲಿ. ಮೇಷ್ಟ್ರೇ, ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದ್ದರೆ ನೀವೇ ಹೇಳಿ. ಬರೆಯಲು ಆಗದಿದ್ದರೆ ಬೇರೆಯವರ ಕೈಯಲ್ಲಿ ಬರೆಸಬಹುದು, ಫೋನಿನಲ್ಲಿ ರೆಕಾರ್ಡ್ ಮಾಡಿಯೂ ಕಳಿಸಬಹುದು. ಯಾವ ಹೆಸರು ಹಾಕಬೇಕು, ರೋಗದ ಮಾತು ಪರಿಚಯದಲ್ಲಿ ಬರಬೇಕೋ ಬೇಡವೋ ಅನ್ನುವುದು ಬರೆದವರ ಇಷ್ಟ. ಚೆನ್ನಾಗಿಲ್ಲದಿದ್ದರೆ ಬೇರೆಯವರದನ್ನು ವಾಪಸ್ ಕಳಿಸಿದ ಹಾಗೆ ಅದನ್ನೂ ಕಳಿಸುತ್ತೇವೆ. ಹಾಕಿದರೆ ಗೌರವಧನ ಎಲ್ಲರಿಗೂ ಕೊಡುವಷ್ಟೇ.

– ಸಂ.